ಪಿಕಪ್ ಮೇಲೆ ಕ್ಯಾಂಟೀನ್ ಬಾಕ್ಸ್: ವೆಲ್ಡಿಂಗ್‌ಗೆ ಕೊಡುವ ಮುನ್ನ, ಘಾಟಿ ಇಳಿಯುವ ಮುನ್ನ ಗೊತ್ತಿರಬೇಕಾದ ಲೆಕ್ಕ

ತೀರ್ಥಹಳ್ಳಿ: ಬೆಳಿಗ್ಗೆ ಶಟರ್ ಎತ್ತಿದರೆ ಇಡ್ಲಿ, ಚಿತ್ರಾನ್ನ. ಸಂಜೆ ಅದೇ ಶಟರ್ ಹಿಂದೆ ಗೋಬಿ, ಎಗ್ ರೈಸ್. ಜಾತ್ರೆ ಬಂತೆಂದರೆ ಗಾಡಿ ಸಮೇತ ಊರು ಬಿಟ್ಟು ಊರಿಗೆ. ಅಂಗಡಿಗೆ ಅಡ್ವಾನ್ಸ್, ಬಾಡಿಗೆ ಕೊಡೋಕಾಗದವರಿಗೆ ಪಿಕಪ್ ಮೇಲಿನ ಕ್ಯಾಂಟೀನ್ ಈಗ ಒಂದು ಬದುಕಿನ ದಾರಿ. ಕೆಲವರು ಬಾಕ್ಸನ್ನು ಗಾಡಿಗೇ ಕೂರಿಸಿರುತ್ತಾರೆ. ಇನ್ನು ಕೆಲವರು ಸೀಸನ್ ಮುಗಿದ ಮೇಲೆ ಬಾಕ್ಸ್ ಇಳಿಸಿ, ಅದೇ ಗಾಡಿಯಲ್ಲಿ ಅಡಿಕೆ, ಬಾಳೆಗೊನೆ, ಸಿಮೆಂಟ್ ಹೊಡೆಯುತ್ತಾರೆ.

ಸಮಸ್ಯೆ ಇರುವುದು ಇಲ್ಲೇ. ಬಾಳೆಗೊನೆ ಹೊತ್ತ ಪಿಕಪ್‌ಗೂ ಆರೂವರೆ ಅಡಿ ಎತ್ತರದ ಕಬ್ಬಿಣದ ಬಾಕ್ಸ್ ಹೊತ್ತ ಪಿಕಪ್‌ಗೂ ಎಂಜಿನ್ ಒಂದೇ, ಸ್ಟೇರಿಂಗ್ ಒಂದೇ, ಡ್ರೈವರ್ ಕೂಡ ಒಬ್ಬನೇ. ಆದರೆ ರಸ್ತೆ ಮೇಲೆ ಅವೆರಡೂ ಬೇರೆ ಬೇರೆ ಗಾಡಿಗಳು. ತಿರುವಿನಲ್ಲಿ ಒಂದು ನಿಲ್ಲುತ್ತದೆ, ಇನ್ನೊಂದು ಮಗುಚುತ್ತದೆ. ‘ನಿಧಾನಕ್ಕೆ ಹೋದ್ರಾಯ್ತು ಬಿಡಿ’ ಎಂಬ ಮಾತು ಅರ್ಧ ಮಾತ್ರ ಸರಿ. ಉಳಿದ ಅರ್ಧ ಗಾಡಿ ರಸ್ತೆಗೆ ಬರುವ ಮೊದಲೇ, ವೆಲ್ಡಿಂಗ್ ಶಾಪ್‌ನಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಬೇರೆ ಕಡೆ ಹೇಗೆ?

ಪಿಕಪ್‌ನ ಲೋಡ್ ಬಾಡಿಯೊಳಗೆ ಬಾಕ್ಸ್ ಇಳಿಸಿ, ಬೇಡವಾದಾಗ ತೆಗೆದಿಡುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಅಲ್ಲಿ ಅದು ಕ್ಯಾಂಟೀನ್ ಅಲ್ಲ, ಪ್ರವಾಸ ಹೋಗುವವರು ಮಲಗಲು, ಅಡುಗೆ ಮಾಡಲು ಬಳಸುವ ಪುಟ್ಟ ಮನೆ. ಅದನ್ನು ‘ಸ್ಲೈಡ್ ಇನ್ ಕ್ಯಾಂಪರ್’ ಎನ್ನುತ್ತಾರೆ. ಇಂಥ ಬಾಕ್ಸ್ ಹೊರಬಲ್ಲ ಪಿಕಪ್ ಮಾರುವ ಕಂಪನಿ, ಎಷ್ಟು ತೂಕದ ಬಾಕ್ಸ್ ಇಡಬಹುದು, ಅದರ ಭಾರದ ಕೇಂದ್ರ ಲೋಡ್ ಬಾಡಿಯ ಯಾವ ಜಾಗದೊಳಗೆ ಬರಬೇಕು ಎಂಬುದನ್ನು ಗಿರಾಕಿಗೆ ಚಿತ್ರ ಸಮೇತ ತಿಳಿಸಬೇಕೆಂಬ ನಿಯಮ ಅಲ್ಲಿದೆ. ಅಂದರೆ ಎಷ್ಟು ಭಾರ ಎಂಬುದರ ಜೊತೆಗೆ ಎಲ್ಲಿ ಭಾರ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಬಾಕ್ಸ್ ತಯಾರಾಗುವುದು ಹೆಚ್ಚಾಗಿ ಊರಿನ ವೆಲ್ಡಿಂಗ್ ಶಾಪ್‌ನಲ್ಲಿ. ಹಾಗಾಗಿ ಈ ಲೆಕ್ಕ ಹಾಕುವ ಕೆಲಸ ಮಾಲೀಕರ ತಲೆ ಮೇಲೇ ಬರುತ್ತದೆ. ಕಷ್ಟದ ಲೆಕ್ಕವೇನಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು.

ಮೊದಲ ಲೆಕ್ಕ: ಎಷ್ಟು ಹೊರಬಹುದು?

ಆರ್.ಸಿ. ಕಾರ್ಡ್ ತೆಗೆದು ನೋಡಿದರೆ ಎರಡು ತೂಕ ಇರುತ್ತವೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಲೋಡ್ ಸಮೇತ ಗಾಡಿ ಮೀರಬಾರದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸಿಗುವುದು ಗಾಡಿ ಹೊರಬಹುದಾದ ಭಾರ. ಡ್ರೈವರ್, ಹುಡುಗ, ಬಾಕ್ಸ್, ಪಾತ್ರೆ, ನೀರು, ಗ್ಯಾಸ್ ಎಲ್ಲವೂ ಇದರೊಳಗೇ ಬರಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಟ್ಟು ತೂಕ 2,900 ಕೆ.ಜಿ., ಖಾಲಿ ತೂಕ 1,700 ಕೆ.ಜಿ. ಇರುವ ಪಿಕಪ್. ಉಳಿಯುವುದು 1,200 ಕೆ.ಜಿ. ‘ಒಂದು ಟನ್ ಮೇಲೆ ಇದೆಯಲ್ಲ, ಇಡ್ಲಿ ಮಾರೋಕೆ ಬೇಕಾದಷ್ಟಾಯ್ತು’ ಅನ್ನಿಸಬಹುದು. ಈಗ ಒಂದೊಂದಾಗಿ ಬರೆದುಕೊಂಡು ಹೋದರೆ:

ಡ್ರೈವರ್ ಮತ್ತು ಸಹಾಯಕ: 140 ಕೆ.ಜಿ.
ಕಬ್ಬಿಣದ ಫ್ರೇಮ್, ಶೀಟ್, ಪ್ಲೈವುಡ್, ಶಟರ್ ಸೇರಿ ಬಾಕ್ಸ್: 450 ಕೆ.ಜಿ.
ಒಲೆ, ಕಲ್ಲಿನ ಸ್ಲ್ಯಾಬ್, ದೋಸೆ ಕಾವಲಿ: 120 ಕೆ.ಜಿ.
200 ಲೀಟರ್ ನೀರಿನ ಡ್ರಮ್: 200 ಕೆ.ಜಿ.
ತುಂಬಿದ ಎರಡು ಕಮರ್ಷಿಯಲ್ ಸಿಲಿಂಡರ್: ಸುಮಾರು 70 ಕೆ.ಜಿ.
ಬ್ಯಾಟರಿ, ಇನ್ವರ್ಟರ್ ಅಥವಾ ಸಣ್ಣ ಜನರೇಟರ್: 60 ಕೆ.ಜಿ.
ಪಾತ್ರೆ, ಸ್ಟೂಲ್, ಟೇಬಲ್: 80 ಕೆ.ಜಿ.
ಅಕ್ಕಿ, ಹಿಟ್ಟು, ಎಣ್ಣೆ, ತರಕಾರಿ: 100 ಕೆ.ಜಿ.

ಒಟ್ಟು 1,220 ಕೆ.ಜಿ. ಇನ್ನೂ ಒಬ್ಬ ಗಿರಾಕಿಗೂ ಪ್ಲೇಟ್ ಕೊಟ್ಟಿಲ್ಲ, ಆಗಲೇ 20 ಕೆ.ಜಿ. ಮೇಲಾಯ್ತು.

ಇದಕ್ಕೆ ಪರಿಹಾರವೂ ಇದೇ ಪಟ್ಟಿಯಲ್ಲಿದೆ. ನೀರನ್ನು ಹೋದ ಊರಲ್ಲಿ ತುಂಬಿಸಿಕೊಂಡು, ದಾರಿಗೆ ಒಂದು 20 ಲೀಟರ್ ಕ್ಯಾನ್ ಮಾತ್ರ ಇಟ್ಟುಕೊಂಡರೆ 180 ಕೆ.ಜಿ. ಇಳಿಯಿತು. ಕಲ್ಲಿನ ಸ್ಲ್ಯಾಬ್ ಬದಲು ಸ್ಟೀಲ್ ಶೀಟ್ ಹಾಕಿದರೆ ಇನ್ನಷ್ಟು ಹಗುರ. ಫ್ರೇಮ್‌ಗೆ ‘ಗಟ್ಟಿ ಇರಲಿ’ ಅಂತ ದಪ್ಪ ಆಂಗ್ಲರ್ ಬಳಸುವ ಬದಲು ಚೌಕಾಕಾರದ ಟೊಳ್ಳು ಪೈಪ್ ಬಳಸಿದರೆ ಬಾಕ್ಸ್‌ನ ತೂಕವೇ ಕಡಿಮೆಯಾಗುತ್ತದೆ.

ಲೆಕ್ಕ ಸರಿಯೋ ತಪ್ಪೋ ಎಂದು ಖಾತ್ರಿ ಮಾಡಿಕೊಳ್ಳಲು ವೇ ಬ್ರಿಡ್ಜ್ ಇದೆ. ವ್ಯಾಪಾರಕ್ಕೆ ಹೊರಡುವ ಸ್ಥಿತಿಯಲ್ಲೇ ಗಾಡಿ ತೂಗಿಸಬೇಕು. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರ ಮಾತ್ರ ಮೇಲಿಟ್ಟು ಒಂದು ಸಲ, ಹಿಂದಿನ ಚಕ್ರ ಮಾತ್ರ ಇಟ್ಟು ಇನ್ನೊಂದು ಸಲ. ಈ ಮೂರು ಚೀಟಿಗೆ ಆಗುವ ಖರ್ಚು ಒಂದು ಟೈರಿನ ಬೆಲೆ ಮುಂದೆ ಏನೂ ಅಲ್ಲ.

ಎರಡನೇ ಲೆಕ್ಕ: ಭಾರ ಎಲ್ಲಿ ಕೂತಿದೆ?

ಹಿಂಬದಿ ಡೋರ್ ತೆಗೆದು, ಬಾಕ್ಸನ್ನು ಹಿಂದಕ್ಕೆ ಎರಡು ಅಡಿ ಚಾಚಿ, ಅಲ್ಲಿ ಒಲೆ, ಸಿಲಿಂಡರ್, ನೀರಿನ ಡ್ರಮ್ ಇಡುವುದು ಹಲವರ ರೂಢಿ. ನಿಂತು ಕೆಲಸ ಮಾಡಲು ಅನುಕೂಲ ಎಂಬುದು ಕಾರಣ. ಆದರೆ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇಟ್ಟ ಭಾರ ಏತದಂತೆ ಕೆಲಸ ಮಾಡುತ್ತದೆ. ಹಿಂದೆ ಒತ್ತಿದಷ್ಟೂ ಮುಂದೆ ಏಳುತ್ತದೆ.

ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಅಂತರ ಇದೆ ಎಂದುಕೊಳ್ಳೋಣ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದೆ 300 ಕೆ.ಜಿ. ಇಟ್ಟರೆ, ಹಿಂದಿನ ಚಕ್ರಗಳ ಮೇಲೆ ಬೀಳುವುದು 300 ಅಲ್ಲ, 400 ಕೆ.ಜಿ. ಹೆಚ್ಚಿನ ಆ 100 ಕೆ.ಜಿ. ಬಂದದ್ದು ಮುಂದಿನ ಚಕ್ರದಿಂದ. ಮುಂದಿನ ಚಕ್ರ ಅಷ್ಟು ಹಗುರಾದರೆ ಸ್ಟೇರಿಂಗ್ ‘ಫ್ರೀ’ ಅನ್ನಿಸುತ್ತದೆ, ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಬೇಗ ಲಾಕ್ ಆಗಿ ಜಾರುತ್ತದೆ. ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತಿದೆ ಎಂದರೂ ಇದೇ ಲಕ್ಷಣ.

ಹಾಗಾಗಿ ನೀರು, ಸಿಲಿಂಡರ್, ಬ್ಯಾಟರಿ, ಅಕ್ಕಿ ಮೂಟೆಯಂಥ ಭಾರದ ಸಾಮಾನು ಹಿಂದಿನ ಆಕ್ಸಲ್‌ಗಿಂತ ಮುಂದೆ, ಕ್ಯಾಬಿನ್ ಕಡೆ, ನೆಲಕ್ಕೆ ತಾಗಿದಂತೆ ಇರಬೇಕು. ಎಡ ಬಲ ಸಮವಾಗಿರಬೇಕು. ಎಲ್ಲಾ ಕಪಾಟು ಒಂದೇ ಗೋಡೆಗೆ ಬಂದರೆ ಗಾಡಿ ನಿಂತಲ್ಲೇ ವಾಲುತ್ತದೆ. ಪೇಪರ್ ಪ್ಲೇಟ್, ಲೋಟ, ಬಾಳೆಎಲೆ ಮೇಲಿನ ಕಪಾಟಿಗೆ ಹೋಗಲಿ.

ಮೂರನೇ ಲೆಕ್ಕ: ಎತ್ತರ

ಮಗುಚುವ ವಿಷಯದಲ್ಲಿ ತೂಕಕ್ಕಿಂತ ದೊಡ್ಡ ಶತ್ರು ಎತ್ತರ. ತುಂಬಿದ ಕೊಡ ಸೊಂಟದ ಮೇಲಿದ್ದಾಗ ಓಡಾಡುವುದು ಸುಲಭ. ಅದೇ ಕೊಡ ತಲೆ ಮೇಲಿದ್ದರೆ ಕಾಲು ಸ್ವಲ್ಪ ಜಾರಿದರೂ ಕಷ್ಟ. ಕೊಡದ ತೂಕ ಬದಲಾಗಿಲ್ಲ, ಎತ್ತರ ಮಾತ್ರ ಬದಲಾಗಿದೆ. ಪಿಕಪ್‌ನ ಲೋಡ್ ಬಾಡಿಯ ನೆಲವೇ ರಸ್ತೆಯಿಂದ ಎರಡೂವರೆ ಅಡಿಗಿಂತ ಮೇಲಿರುತ್ತದೆ. ಅದರ ಮೇಲೆ ಆರೂವರೆ ಅಡಿಯ ಬಾಕ್ಸ್, ಅದರ ತಲೆ ಮೇಲೆ ಸಿಂಟೆಕ್ಸ್ ಟ್ಯಾಂಕ್, ಬೋರ್ಡ್, ಕೊಡೆ ಕಟ್ಟಿದರೆ ತುಂಬಿದ ಕೊಡ ತಲೆಗೇರಿದಂತೆ.

ಇದರ ಜೊತೆ ವೇಗ ಸೇರಿಕೊಳ್ಳುತ್ತದೆ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಸುಮಾರು 12 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವಿನಲ್ಲಿ 2,650 ಕೆ.ಜಿ. ತೂಕದ ಗಾಡಿ 20 ಕಿ.ಮೀ. ವೇಗದಲ್ಲಿ ತಿರುಗಿದರೆ, ಪಕ್ಕಕ್ಕೆ ತಳ್ಳುವ ಬಲ ಗಾಡಿಯ ತೂಕದ ಸುಮಾರು ಕಾಲು ಭಾಗ. ಅಂದರೆ 700 ಕೆ.ಜಿ. ಹತ್ತಿರ. ಅದೇ ತಿರುವಿಗೆ 30 ಕಿ.ಮೀ. ವೇಗದಲ್ಲಿ ನುಗ್ಗಿದರೆ 1,500 ಕೆ.ಜಿ. ದಾಟುತ್ತದೆ. ಖಾಲಿ ಪಿಕಪ್ ಇಷ್ಟಕ್ಕೆ ಟೈರ್ ಕಿರುಗುಟ್ಟಿಸಿ ತಡೆದುಕೊಳ್ಳಬಹುದು. ಎತ್ತರದ ಬಾಕ್ಸ್ ಹೊತ್ತು ಸ್ಪ್ರಿಂಗ್ ಮೇಲೆ ಆಗಲೇ ವಾಲಿರುವ ಗಾಡಿಗೆ ಒಳಗಿನ ಚಕ್ರ ನೆಲ ಬಿಡುವ ಹೊತ್ತು ಅದು. ಸ್ಪೀಡೋಮೀಟರ್‌ನಲ್ಲಿ ವ್ಯತ್ಯಾಸ ಬರೀ ಹತ್ತು ಕಿ.ಮೀ.

ಅರ್ಧ ತುಂಬಿದ ನೀರಿನ ಟ್ಯಾಂಕ್ ಇನ್ನೊಂದು ಅಪಾಯ. ತಿರುವಿನಲ್ಲಿ ನೀರೆಲ್ಲಾ ಒಂದೇ ಬದಿಗೆ ಓಡಿ ಗಾಡಿಯನ್ನು ಇನ್ನಷ್ಟು ವಾಲಿಸುತ್ತದೆ. ಟ್ಯಾಂಕ್ ಖಾಲಿ ಇರಲಿ, ಇಲ್ಲವೇ ಪೂರ್ತಿ ತುಂಬಿರಲಿ. ಬಾಕ್ಸ್‌ನ ತಲೆ ಮೇಲಂತೂ ಟ್ಯಾಂಕ್ ಬೇಡವೇ ಬೇಡ.

‘ಇನ್ನೆರಡು ಪ್ಲೇಟ್ ಹಾಕಿಸಿದ್ರೆ ಆಯ್ತು’

ಗಾಡಿ ಹಿಂದೆ ಕುಸಿದರೆ ಲೀಫ್ ಸ್ಪ್ರಿಂಗ್‌ಗೆ ಹೆಚ್ಚುವರಿ ಪ್ಲೇಟ್ ಹಾಕಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಪ್ಲೇಟ್ ಹಾಕಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ, ಅಷ್ಟೇ. ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್, ಚಾಸಿಸ್ ಎಲ್ಲಾ ಹಳೆಯವೇ. ಅವುಗಳ ಶಕ್ತಿ ಒಂದು ಕೆ.ಜಿ.ಯೂ ಹೆಚ್ಚಿರುವುದಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಲೋಡ್‌ಗೆ ತಕ್ಕಂತೆ ಹಿಂದಿನ ಬ್ರೇಕ್ ಬಲ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಗಾಡಿ ಎಷ್ಟು ಕುಸಿದಿದೆ ಎಂಬುದರ ಮೇಲೆ ಅದು ಲೋಡ್ ಅಂದಾಜು ಮಾಡುತ್ತದೆ. ಪ್ಲೇಟ್ ಹಾಕಿಸಿ ಗಾಡಿ ಕುಸಿಯದಂತೆ ಮಾಡಿದರೆ, ‘ಗಾಡಿ ಖಾಲಿ ಇದೆ’ ಎಂದು ತಿಳಿದು ಆ ವಾಲ್ವ್ ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್! ಪ್ಲೇಟ್ ಬದಲಿಸುವ ಮಾತು ಬಂದರೆ ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಕೇಳಿಯೇ ಮುಂದುವರಿಯಬೇಕು.

ಟೈರ್ ವಿಷಯವೂ ಹೀಗೇ. ಟೈರ್ ಬದಿಯಲ್ಲಿ ಅಚ್ಚೊತ್ತಿರುವ ಲೋಡ್ ಇಂಡೆಕ್ಸ್ ನಂಬರ್ ನೋಡದೆ, ‘ಅಳತೆ ಒಂದೇ’ ಅಂತ ಕಾರಿನ ಟೈರ್ ಹಾಕಬಾರದು. ಗಾಳಿ ಎಷ್ಟಿರಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಬೆಳಿಗ್ಗೆ ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಬೇಕು. ಗಾಳಿ ಕಡಿಮೆ ಇದ್ದರೆ ಟೈರ್ ಬದಿ ಮಡಚಿ ಮಡಚಿ ಬಿಸಿಯಾಗಿ ಸಿಡಿಯುತ್ತದೆ, ತಿರುವಿನಲ್ಲಿ ಬಾಕ್ಸ್ ಇನ್ನೂ ಹೆಚ್ಚು ತೂಗಾಡುತ್ತದೆ.

ಕಟ್ಟುವುದು ಹೇಗೆ?

ಇಳಿಸಿ ಏರಿಸುವ ಬಾಕ್ಸ್ ಆದರೆ ಅದನ್ನು ಲೋಡ್ ಬಾಡಿಯ ತೆಳು ತಗಡಿಗೆ ಸ್ಕ್ರೂ ಹೊಡೆದು ನಿಲ್ಲಿಸುವುದು ಕಟ್ಟಿದ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ಮೂಲೆಯಲ್ಲೂ ಚಾಸಿಸ್‌ಗೆ ಹಿಡಿದ ಕೊಕ್ಕೆಗಳಿಗೆ ರ‍್ಯಾಚೆಟ್ ಬೆಲ್ಟ್ ಅಥವಾ ಬೋಲ್ಟ್ ಮೂಲಕ ಬಿಗಿಯಬೇಕು. ಚಾಸಿಸ್‌ಗೆ ಸಿಕ್ಕಲ್ಲಿ ತೂತು ಕೊರೆಯುವುದು, ವೆಲ್ಡ್ ಮಾಡುವುದು ಚಾಸಿಸ್ಸನ್ನೇ ದುರ್ಬಲ ಮಾಡುತ್ತದೆ. ಕಂಪನಿ ಕೊಟ್ಟಿರುವ ಜಾಗಗಳನ್ನೇ ಬಳಸಬೇಕು. ಬಾಕ್ಸ್ ಅಡಿ ರಬ್ಬರ್ ಮ್ಯಾಟ್ ಹಾಸಿದರೆ ಜಾರುವುದು ಕಡಿಮೆ. ಹೊರಟು ಹತ್ತು ಹದಿನೈದು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟ್ ಎಳೆದು ನೋಡಬೇಕು. ಮೊದಲ ಕುಲುಕಾಟಕ್ಕೇ ಅದು ಸಡಿಲ ಆಗುವುದು ಸಹಜ.

ಅಡುಗೆ ಸಾಮಾನಿನ ವಿಷಯದಲ್ಲಿ ಮೂರು ಕಟ್ಟುನಿಟ್ಟು. ಎಣ್ಣೆ ಬಾಣಲೆ ತಣ್ಣಗಾಗಿ, ಎಣ್ಣೆ ಮುಚ್ಚಳದ ಡಬ್ಬಕ್ಕೆ ಹೋಗುವವರೆಗೆ ಗಾಡಿ ಕದಲಬಾರದು. ಸಿಲಿಂಡರ್ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ, ಚೈನ್ ಕಟ್ಟಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಬಾಕ್ಸ್‌ನ ನೆಲಮಟ್ಟದಲ್ಲಿ ಗಾಳಿ ಕಿಂಡಿ ಇರಲೇಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗಾಡಿ ಓಡುವಾಗ ಬಾಕ್ಸ್‌ನೊಳಗೆ ಯಾರೂ ಕೂರಬಾರದು. ‘ಪಾತ್ರೆ ಹಿಡ್ಕೊಳ್ಳೋಕೆ ಒಬ್ಬ ಇರಲಿ’ ಅಂತ ಹುಡುಗನನ್ನು ಹಿಂದೆ ಕೂರಿಸಿದರೆ, ಗಾಡಿ ವಾಲಿದಾಗ ಸಿಲಿಂಡರ್, ಪಾತ್ರೆ, ಕಾವಲಿ ಎಲ್ಲಾ ಬೀಳುವುದು ಅವನ ಮೇಲೆ. ಹೊರಗಿನಿಂದ ಚಿಲಕ ಹಾಕಿದ್ದರೆ ಅವನು ಹೊರಬರುವ ದಾರಿಯೂ ಇರುವುದಿಲ್ಲ.

ಘಾಟಿಯಲ್ಲಿ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೊಸನಗರ ಕಡೆಯಿಂದ ಇಳಿಯುವ ಹುಲಿಕಲ್ ಘಾಟಿಯೂ ಸುಲಭದ್ದಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯಕ್ಕೆ ಜಿಲ್ಲಾಡಳಿತ ಘಾಟಿ ಸಂಚಾರಕ್ಕೆ ನಿರ್ಬಂಧ ಹಾಕುವುದುಂಟು. ಹೊರಡುವ ಮುನ್ನ ಆ ದಿನದ ಆದೇಶ ವಿಚಾರಿಸಿಕೊಂಡರೆ ಅರ್ಧ ದಾರಿಯಿಂದ ವಾಪಸ್ ಬರುವುದು ತಪ್ಪುತ್ತದೆ.

ಇಳಿಜಾರಿನ ಹಳೆಯ ನಿಯಮ ಇಂದಿಗೂ ಸರಿ. ಯಾವ ಗೇರಲ್ಲಿ ಹತ್ತುತ್ತೇವೋ ಅದೇ ಗೇರಲ್ಲಿ ಇಳಿಯಬೇಕು. ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆಯೇ ಆಗಬೇಕು. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ಗೆ ಹಾಕಿ ಬಿಡುವುದು ತಪ್ಪು ಲೆಕ್ಕ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಡೆಯಲು ಡೀಸೆಲ್ ಬೇಕೇ ಬೇಕು. ಎಂಜಿನ್ ಆಫ್ ಮಾಡಿದರೆ ಇನ್ನೂ ಅಪಾಯ. ಬ್ರೇಕ್‌ಗೆ ಸಿಗುವ ಸಹಾಯ ನಿಂತು, ಪೆಡಲ್ ಕಲ್ಲಾಗುತ್ತದೆ.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ ಬೇಕಾದಾಗ ಒತ್ತಬೇಕು. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಾಗಲು ಬಿಡಬೇಕು. ಕಾದ ಡ್ರಮ್‌ಗೆ ನೀರು ಸುರಿಯಬಾರದು.

ತಿರುವಿನ ಬ್ರೇಕ್ ತಿರುವಿಗೆ ಮುಂಚೆಯೇ ಮುಗಿದಿರಬೇಕು. ತಿರುವಿನ ಮಧ್ಯೆ ಹಠಾತ್ ಬ್ರೇಕ್, ಸ್ಟೇರಿಂಗ್ ಎಳೆತ ಎರಡೂ ಬಾಕ್ಸನ್ನು ಹೊರಕ್ಕೆ ಎಸೆಯುತ್ತವೆ. ಎಡಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿದರೆ ಗಾಬರಿಯಿಂದ ಒಮ್ಮೆಲೇ ಮೇಲಕ್ಕೆ ಎಳೆಯಬಾರದು. ವೇಗ ಇಳಿಸಿ ನಿಧಾನಕ್ಕೆ ಹತ್ತಿಸಬೇಕು.

ಬಯಲು ರಸ್ತೆಯಲ್ಲಿ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಬಾಕ್ಸ್‌ನ ಅಗಲ ಗೋಡೆ ಹಾಯಿಯಂತೆ. ಸೇತುವೆ ಮೇಲೆ, ಕೆರೆ ಏರಿ ಮೇಲೆ, ವೇಗದ ಬಸ್ ಪಕ್ಕದಲ್ಲಿ ಹಾದುಹೋದಾಗ ಗಾಡಿ ಪಕ್ಕಕ್ಕೆ ಸರಿಯುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಬೇಕು. ಒಳಗಿನ ಕನ್ನಡಿಯಲ್ಲಿ ಕಾಣುವುದು ಬಾಕ್ಸ್‌ನ ತಗಡು ಮಾತ್ರ. ಹಾಗಾಗಿ ಹೊರಗಿನ ಎರಡೂ ಕನ್ನಡಿ ಬಾಕ್ಸ್ ದಾಟಿ ಹಿಂದೆ ಕಾಣುವಷ್ಟು ಉದ್ದ ಇರಬೇಕು. ರಿವರ್ಸ್ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಲ್ಲಬೇಕು.

ಗಾಡಿಯ ಒಟ್ಟು ಎತ್ತರ ಅಳೆದು, ಅಡಿ ಇಂಚಿನಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿದರೆ ಒಳ್ಳೆಯದು. ಜಾತ್ರೆ ಬೀದಿಯ ಕರೆಂಟ್ ವೈರ್, ಸ್ವಾಗತ ಕಮಾನು, ರೈಲ್ವೆ ಕೆಳಸೇತುವೆ ಮುಂದೆ ಅಂದಾಜು ನಡೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿಯಲ್ಲಿ ಇರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮಾಲೀಕರು ತಮ್ಮಿಷ್ಟಕ್ಕೆ ಮಾಡುವಂತಿಲ್ಲ. 2019ರ ತಿದ್ದುಪಡಿ ನಂತರ ಅಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಮಿತಿ ಮೀರಿದ ಲೋಡ್‌ಗೆ 194ನೇ ಕಲಂ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ. ಲೋಡ್ ಬದಿಗೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಮಿತಿ ದಾಟಿ ಚಾಚಿದ್ದರೂ 20,000 ರೂಪಾಯಿ.

ಲೈಸೆನ್ಸ್ ವಿಷಯದಲ್ಲಿ ಒಂದು ಗೊಂದಲ ಬಗೆಹರಿದಿದೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಎಲ್.ಎಂ.ವಿ. ಲೈಸೆನ್ಸ್ ಇರುವವರು ಬೇರೆ ಅನುಮೋದನೆ ಇಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಪಿಕಪ್‌ಗಳು ಈ ಮಿತಿಯೊಳಗೇ ಬರುತ್ತವೆ.

ದಂಡ ಕಟ್ಟಿ ಮುಗಿಯುವ ಮಾತಾದರೆ ಒಂದು ಲೆಕ್ಕ. ಆದರೆ ಅಪಘಾತ ಆದಾಗ ಆರ್.ಸಿ.ಯಲ್ಲಿ ಇಲ್ಲದ ಬಾಡಿ, ಮಿತಿ ಮೀರಿದ ತೂಕ, ಹಿಂದೆ ಕೂತಿದ್ದ ಜನ ಇವೆಲ್ಲಾ ವಿಮಾ ಕಂಪನಿಗೆ ತಕರಾರು ತೆಗೆಯಲು ದಾರಿ ಮಾಡಿಕೊಡುತ್ತವೆ. ಸಾಲ ಮಾಡಿ ಕಟ್ಟಿದ ಗಾಡಿ, ಬಾಕ್ಸ್, ಸಾಮಾನು ಒಂದೇ ತಿರುವಿನಲ್ಲಿ ಹೋದರೆ ಉಳಿಯುವುದು ಕಂತು ಮಾತ್ರ. ಆದ್ದರಿಂದ ಬಾಕ್ಸ್‌ನ ಅಳತೆ, ತೂಕ ಬರೆದ ಚೀಟಿ ಹಿಡಿದು ವೆಲ್ಡಿಂಗ್ ಶಾಪ್‌ಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಬೇಕು. ಒಪ್ಪಿಗೆ ಬಾಯಿಮಾತಿನದ್ದು ಬೇಡ, ಬರಹದಲ್ಲಿ ಇರಲಿ. ಅದರ ಪ್ರತಿಯೊಂದನ್ನು ವಿಮಾ ಕಂಪನಿಗೂ ಕೊಟ್ಟಿರಬೇಕು.

ಹೊರಡುವ ಮುನ್ನ ಐದು ನಿಮಿಷ

ಶಟರ್, ಕಪಾಟು, ಮೆಟ್ಟಿಲು, ಮಡಚುವ ಚಾವಣಿಗೆ ಚಿಲಕ ಬಿದ್ದಿದೆಯೇ?
ಸಿಲಿಂಡರ್ ಬಂದ್ ಆಗಿ ಚೈನ್ ಹಾಕಿದೆಯೇ?
ನೀರಿನ ಟ್ಯಾಂಕ್ ಖಾಲಿ ಇದೆಯೇ?
ನಾಲ್ಕೂ ಮೂಲೆಯ ಬೆಲ್ಟ್ ಬಿಗಿ ಇದೆಯೇ?
ಟೈರ್ ಗಾಳಿ, ಸ್ಟೆಪ್ನಿ ಸರಿ ಇದೆಯೇ?
ಹಿಂದಿನ ಲೈಟ್, ನಂಬರ್ ಪ್ಲೇಟ್, ಇಂಡಿಕೇಟರ್ ಬಾಕ್ಸ್‌ಗೆ ಮರೆಯಾಗಿಲ್ಲ ತಾನೇ? ರಿಫ್ಲೆಕ್ಟರ್ ಟೇಪ್ ಅಂಟಿಸಿದೆಯೇ?
ಬಾಕ್ಸ್‌ನೊಳಗೆ ಯಾರೂ ಇಲ್ಲ ತಾನೇ?

ಹೊಸದಾಗಿ ಬಾಕ್ಸ್ ಕೂರಿಸಿದವರು ಮೊದಲ ದಿನವೇ ಜಾತ್ರೆಗೆ ಹೊರಡುವ ಬದಲು, ಜನ ಇಲ್ಲದ ಮೈದಾನದಲ್ಲಿ ಪೂರ್ತಿ ಲೋಡ್ ಸಮೇತ ಒಂದು ಗಂಟೆ ಓಡಿಸಿ ನೋಡುವುದು ಒಳ್ಳೆಯದು. 20ರ ವೇಗದಲ್ಲಿ ಬ್ರೇಕ್ ಹಾಕಿದರೆ ಎಲ್ಲಿಗೆ ನಿಲ್ಲುತ್ತದೆ, ತಿರುಗಿಸಿದರೆ ಎಷ್ಟು ವಾಲುತ್ತದೆ ಎಂಬುದು ಡ್ರೈವರ್‌ಗೆ ಅಲ್ಲೇ ಗೊತ್ತಾಗಬೇಕು. ಆಗುಂಬೆಯ ಮೊದಲ ತಿರುವು ಅದನ್ನು ಕಲಿಯುವ ಜಾಗ ಅಲ್ಲ.